ಕೇಳಿದ್ದು ಚೂರು, ಕೆಲಸ ರಾಶಿ: ಸರ್ವರ್ ಮಲಗಿಸುವ ದೋಷಗಳು

ರಿಸಲ್ಟ್ ಬಂದ ದಿನ ವೆಬ್‌ಸೈಟ್ ತೆರೆಯುವುದಿಲ್ಲ. ಹಬ್ಬದ ಹಿಂದಿನ ವಾರ ಊರಿಗೆ ಟಿಕೆಟ್ ಬುಕ್ ಮಾಡಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ. ‘ಸರ್ವರ್ ಡೌನ್’ ಅನ್ನುವ ಮಾತು ಬೆಂಗಳೂರಿನಲ್ಲಿ ಐಟಿ ಕಂಪನಿಯವರಿಗಷ್ಟೇ ಸೇರಿದ್ದಲ್ಲ. ರೇಷನ್ ಅಂಗಡಿಯ ಮುಂದೆ ನಿಂತ ಅಜ್ಜಿಗೂ ಅದು ಗೊತ್ತು. ಕೇಳಿದ ಕೂಡಲೇ ನಮಗೆ ಹೊಳೆಯುವ ಕಾರಣ ಒಂದೇ: ಜನ ಜಾಸ್ತಿ ಬಂದಿರಬೇಕು. ಬಹಳ ಸಲ ಅದು ನಿಜವೇ. ಆದರೆ ಜನಜಂಗುಳಿ ಏನೂ ಇಲ್ಲದ ಹೊತ್ತಿನಲ್ಲಿ, ಒಂದೇ ಒಂದು ಪೋಸ್ಟ್‌ನಿಂದ ದೊಡ್ಡ ಸೈಟು ಮಲಗಿದ್ದೂ ಉಂಟು.

2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಬಿದ್ದಿತ್ತು. ಪ್ರೋಗ್ರಾಮರ್‌ಗಳು ಕೋಡ್ ಕೈಕೊಟ್ಟಾಗಲೆಲ್ಲ ಓಡಿಹೋಗುತ್ತಿದ್ದ ಸೈಟು ಅದು. ಯಾರೂ ದಾಳಿ ಮಾಡಿರಲಿಲ್ಲ. ಯಾರೋ ಒಬ್ಬರು ಹಾಕಿದ್ದ ಪೋಸ್ಟ್‌ನ ಒಂದು ಸಾಲಿನಲ್ಲಿ ಸುಮಾರು 20,000 ಖಾಲಿ ಜಾಗಗಳು, ಅಂದರೆ ಸ್ಪೇಸ್‌ಗಳು, ಸಾಲಾಗಿ ಬಂದಿದ್ದವು. ಸರ್ವರ್ ಮಾಡುತ್ತಿದ್ದ ಕೆಲಸ ತೀರಾ ಸಣ್ಣದು: ಸಾಲಿನ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ಕತ್ತರಿಸುವುದು. ಅದಕ್ಕೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದಿದ್ದರು. ಅಕ್ಷರಗಳ ನಡುವೆ ಇಂಥ ವಿನ್ಯಾಸ ಇದೆಯಾ ಎಂದು ಹುಡುಕುವ ಸೂತ್ರ ಅದು. ಆಫೀಸಿನಲ್ಲಿ ಎಲ್ಲರೂ ‘ರೆಜೆಕ್ಸ್’ ಅನ್ನುತ್ತಾರೆ.

ಆ ಸೂತ್ರ ಹೇಗೆ ಓಡಿತು ನೋಡಿ. ಮೊದಲ ಸ್ಪೇಸ್‌ನಿಂದ ಶುರು ಮಾಡಿ 20,000 ಸ್ಪೇಸ್‌ಗಳನ್ನು ದಾಟಿತು. ಆಮೇಲೆ ಸಾಲು ಮುಗಿದಿರಬೇಕು ಎಂದು ನೋಡಿತು. ಮುಗಿದಿರಲಿಲ್ಲ, ಇನ್ನೊಂದು ಅಕ್ಷರ ಇತ್ತು. ಸರಿ, ಸೋತೆ ಎಂದು ವಾಪಸ್ ಬಂದು ಎರಡನೆಯ ಸ್ಪೇಸ್‌ನಿಂದ ಶುರು ಮಾಡಿತು. ಈಗ 19,999 ದಾಟಬೇಕು. ಮತ್ತೆ ಅದೇ ಅಕ್ಷರ, ಮತ್ತೆ ಸೋಲು. ಮೂರನೆಯದರಿಂದ 19,998. ಹೀಗೆ ಕೂಡಿಸುತ್ತಾ ಹೋದರೆ ಸುಮಾರು 20 ಕೋಟಿ ಸಲ ಪರೀಕ್ಷೆ. 20 ಸಾವಿರ ಅಕ್ಷರಕ್ಕೆ 20 ಕೋಟಿ ಕೆಲಸ! ಆ ಪೋಸ್ಟ್ ಮುಖಪುಟದ ಪಟ್ಟಿಯಲ್ಲಿ ಬಂದು ಕೂತಿತ್ತು. ಪುಟ ತೆರೆದವರಿಗೆಲ್ಲ ಈ ಲೆಕ್ಕ ಹೊಸದಾಗಿ ನಡೆಯಬೇಕಿತ್ತು. ಅದರ ಮೇಲೆ ಇನ್ನೊಂದು ಎಡವಟ್ಟು. ಸರ್ವರ್‌ಗಳು ಬದುಕಿವೆಯಾ ಎಂದು ನೋಡಲು ಲೋಡ್ ಬ್ಯಾಲೆನ್ಸರ್, ಅಂದರೆ ಬಂದ ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ಯಂತ್ರ, ಇದೇ ಮುಖಪುಟವನ್ನು ಕೇಳುತ್ತಿತ್ತು. ಉತ್ತರ ಬರಲಿಲ್ಲ. ಎಲ್ಲ ಸರ್ವರ್‌ಗಳೂ ಸತ್ತಿವೆ ಎಂದು ತೀರ್ಮಾನಿಸಿ ಹಂಚುವ ಪಟ್ಟಿಯಿಂದ ಹೊರಗೆ ಹಾಕಿತು. ಕಾರಣ ಹುಡುಕಲು 10 ನಿಮಿಷ, ಕೋಡ್ ಬದಲಿಸಲು 14, ಎಲ್ಲ ಕಡೆ ಹಾಕಲು 10.

ಒಂದು ಅಡ್ಡಮಾತು. ಆ ಸೂತ್ರ ಖಾಲಿ ಜಾಗ ಎಂದು ಎಣಿಸುತ್ತಿದ್ದ ಪಟ್ಟಿಯಲ್ಲಿ ಸ್ಪೇಸ್, ಟ್ಯಾಬ್‌ಗಳ ಜೊತೆಗೆ ‘ಝೀರೋ ವಿಡ್ತ್ ನಾನ್ ಜಾಯ್ನರ್’ ಎಂಬ ಅಕ್ಷರವೂ ಇತ್ತು. ಕನ್ನಡ ಟೈಪ್ ಮಾಡುವವರಿಗೆ ಇದು ಹಳೆಯ ಪರಿಚಯ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವ ಹೋಗಿ ಟ ಕೆಳಗೆ ಒತ್ತಾಗಿ ಕೂರದಂತೆ ನಡುವೆ ತೂರಿಸುತ್ತೇವಲ್ಲ, ಕಣ್ಣಿಗೆ ಕಾಣದ ಅದೇ ಅಕ್ಷರ.

ಸ್ಟ್ಯಾಕ್ ಓವರ್‌ಫ್ಲೋಗೆ ಆದದ್ದು ಆಕಸ್ಮಿಕ. ಅದೇ 20,000 ಸ್ಪೇಸ್‌ಗಳನ್ನು ಯಾರಾದರೂ ಬೇಕೆಂದೇ ಕಳಿಸಿದರೆ? ಆಗ ಅದು ದಾಳಿ. ಹಾಗೆ ಕಳಿಸಲು ಅವಕಾಶ ಕೊಟ್ಟ ಕೋಡ್‌ನಲ್ಲಿ ಇರುವುದು ಭದ್ರತಾ ದೋಷ. ಇಂಥ ದೋಷಗಳನ್ನು ‘ಡಿನಯಲ್ ಆಫ್ ಸರ್ವಿಸ್’ ಅನ್ನುತ್ತಾರೆ, ಚಿಕ್ಕದಾಗಿ ಡಾಸ್. ಕಳ್ಳ ಒಳಗೆ ಬರುವುದಿಲ್ಲ. ಪಾಸ್‌ವರ್ಡ್ ಕದಿಯುವುದಿಲ್ಲ. ಡೇಟಾ ಮುಟ್ಟುವುದಿಲ್ಲ. ನಿಜವಾದ ಗ್ರಾಹಕರಿಗೆ ಸೇವೆ ಸಿಗದಂತೆ ಮಾಡುತ್ತಾನೆ, ಅಷ್ಟೇ. ಸಾವಿರಾರು ಕಂಪ್ಯೂಟರ್‌ಗಳಿಂದ ಒಟ್ಟಿಗೆ ಮಾಡಿದರೆ ಡಿಡಾಸ್.

ಪತ್ರಿಕೆಗಳಲ್ಲಿ ಡಿಡಾಸ್ ಸುದ್ದಿ ಬಂದಾಗಲೆಲ್ಲ ‘ಪ್ರವಾಹ’ದ ಭಾಷೆ ಬರುತ್ತದೆ. ಇಷ್ಟು ಟೆರಾಬಿಟ್ ಹರಿದುಬಂತು, ಸರ್ವರ್ ಮುಳುಗಿತು. ಆ ಥರದ ದಾಳಿಗೆ ದಾಳಿಕೋರನೂ ದೊಡ್ಡ ಬಂಡವಾಳ ಹಾಕಬೇಕು. ದೋಷ ಹುಡುಕಿಕೊಂಡು ಬರುವವನ ಲೆಕ್ಕ ಬೇರೆ. ನಾನು ಒಂದು ರೂಪಾಯಿ ಖರ್ಚು ಮಾಡಿದರೆ ಸರ್ವರ್ ಎಷ್ಟು ರೂಪಾಯಿ ಖರ್ಚು ಮಾಡುತ್ತದೆ? ಉತ್ತರ ‘ಸಾವಿರ’ ಆಗಿದ್ದರೆ ಅವನಿಗೆ ಬೇಕಾದ್ದು ಸಿಕ್ಕಿತು. ಡಾಸ್ ದೋಷ ಯಾವುದೇ ಇರಲಿ, ಹೆಸರು ಎಷ್ಟೇ ವಿಚಿತ್ರವಾಗಿರಲಿ, ಒಳಗೆ ಇರುವುದು ಈ ಒಂದೇ ಲೆಕ್ಕ.

ಖರ್ಚು ಅಂದರೆ ಯಾವಾಗಲೂ ಸಿಪಿಯು (ಲೆಕ್ಕ ಮಾಡುವ ಚಿಪ್) ಸಮಯ ಅಲ್ಲ. 2009ರಲ್ಲಿ ಬಂದ ಸ್ಲೋಲೋರಿಸ್ ಎಂಬ ಉಪಕರಣ ಸರ್ವರ್‌ಗೆ ಏನೂ ಕೆಲಸ ಕೊಡುತ್ತಿರಲಿಲ್ಲ, ಸುಮ್ನೆ ಕಾಯಿಸುತ್ತಿತ್ತು. ಸಂಪರ್ಕ ತೆರೆಯುವುದು, ವಿನಂತಿಯ ಒಂದು ಸಾಲು ಕಳಿಸುವುದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು. ವಿನಂತಿ ಮುಗಿಯುವುದೇ ಇಲ್ಲ. ಆ ಕಾಲದ ಅಪಾಚೆ ಸರ್ವರ್ ಒಂದೊಂದು ಸಂಪರ್ಕಕ್ಕೂ ಒಬ್ಬೊಬ್ಬ ಕೆಲಸಗಾರನನ್ನು ಕಟ್ಟಿಹಾಕುತ್ತಿತ್ತು. ಕೆಲವು ನೂರು ಸಂಪರ್ಕಗಳಲ್ಲಿ ಬಿಡುವಿರುವ ಕೆಲಸಗಾರರೇ ಉಳಿಯುವುದಿಲ್ಲ. ಸಿಪಿಯು ಆರಾಮಾಗಿದೆ, ನೆಟ್‌ವರ್ಕ್ ಖಾಲಿ ಇದೆ, ಸೈಟ್ ಮಾತ್ರ ಇಲ್ಲ. ಹೆಸರು ನಿಧಾನಕ್ಕೆ ಓಡಾಡುವ ಒಂದು ಪ್ರಾಣಿಯದು. ನಮ್ಮ ಐಐಎಸ್‌ಸಿ ಕ್ಯಾಂಪಸ್ಸಿನ ಮರಗಳಲ್ಲಿ ರಾತ್ರಿ ಕಾಣುವ ಕಾಡುಪಾಪದ ನೆಂಟ. 2011ರ ಕೊನೆಯಲ್ಲಿ ಇನ್ನೊಂದು ದಾಳಿಯ ತಂತ್ರ ಬಂತು. ಫಾರ್ಮ್‌ನಲ್ಲಿ ಕಳಿಸುವ ಅಂಕಣಗಳ ಹೆಸರುಗಳನ್ನು ಸರ್ವರ್ ಹ್ಯಾಶ್ ಟೇಬಲ್‌ನಲ್ಲಿ, ಅಂದರೆ ಹೆಸರು ನೋಡಿ ಖಾನೆ ಆರಿಸುವ ಪಟ್ಟಿಯಲ್ಲಿ, ಜೋಡಿಸಿಡುತ್ತದೆ. ಎಲ್ಲ ಹೆಸರುಗಳೂ ಒಂದೇ ಖಾನೆಗೆ ಬೀಳುವಂತೆ ಆರಿಸಿ ಕಳಿಸಿದರೆ ಜೋಡಿಸುವ ಕೆಲಸವೇ ಸರ್ವರ್‌ನ ಸೊಂಟ ಮುರಿಯುತ್ತದೆ. ಪಿಎಚ್‌ಪಿ, ಜಾವಾ, ಪೈಥಾನ್, ರೂಬಿ ಭಾಷೆಗಳೆಲ್ಲದಕ್ಕೂ ತಗುಲಿತು. ಪಿಎಚ್‌ಪಿಯವರು ಒಂದು ವಿನಂತಿಯಲ್ಲಿ 1,000 ಹೆಸರಿಗಿಂತ ಜಾಸ್ತಿ ಬೇಡ ಎಂಬ ಮಿತಿ ಹಾಕಿದರು.

ಇವೆಲ್ಲ ಹಳೆಯ ಕತೆ. ವಿವರವಾಗಿ ನೋಡಬೇಕಾದ್ದು 2023ರದ್ದು.

ಆ ವರ್ಷ ಆಗಸ್ಟ್ ಕೊನೆಯಲ್ಲಿ ಗೂಗಲ್, ಕ್ಲೌಡ್‌ಫ್ಲೇರ್, ಅಮೆಜಾನ್ ಮೂವರ ಮೇಲೂ ಒಂದು ಹೊಸ ಥರದ ದಾಳಿ ಶುರುವಾಯಿತು. (ಕ್ಲೌಡ್‌ಫ್ಲೇರ್ ಅಂದರೆ ಬೇರೆಯವರ ಸೈಟುಗಳ ಮುಂದೆ ನಿಂತು ಕಾವಲು ಕಾಯುವ ಕಂಪನಿ.) ಅಕ್ಟೋಬರ್ 10ರಂದು ಮೂವರೂ ಒಟ್ಟಿಗೆ ಅದನ್ನು ಬಹಿರಂಗ ಮಾಡಿದರು. ಗೂಗಲ್ ಕಂಡ ಗರಿಷ್ಠ ಮಟ್ಟ ಸೆಕೆಂಡಿಗೆ 39.8 ಕೋಟಿ ವಿನಂತಿ. ಕ್ಲೌಡ್‌ಫ್ಲೇರ್ 20.1 ಕೋಟಿ, ಅಮೆಜಾನ್ 15.5 ಕೋಟಿ. ಅದಕ್ಕೆ ಮುಂಚೆ ಗೂಗಲ್ ಕಂಡಿದ್ದ ದಾಖಲೆ 4.6 ಕೋಟಿ. ಗೂಗಲ್ ಕೊಟ್ಟ ಇನ್ನೊಂದು ಲೆಕ್ಕ ಹೀಗಿದೆ: ಆ ಸೆಪ್ಟೆಂಬರ್ ತಿಂಗಳು ಪೂರ್ತಿ ವಿಕಿಪೀಡಿಯದ ಲೇಖನಗಳು ಎಷ್ಟು ಸಲ ತೆರೆದವೋ, ಅದಕ್ಕಿಂತ ಜಾಸ್ತಿ ವಿನಂತಿಗಳು ಎರಡು ನಿಮಿಷದ ದಾಳಿಯಲ್ಲಿ ಬಂದವು.

ಇಷ್ಟಕ್ಕೂ ದಾಳಿ ಮಾಡಿದ ಸೈನ್ಯ ದೊಡ್ಡದೇನಲ್ಲ. ಕ್ಲೌಡ್‌ಫ್ಲೇರ್ ಮೇಲೆ ಬಿದ್ದ ಬಾಟ್‌ನೆಟ್‌ನಲ್ಲಿ, ಅಂದರೆ ದಾಳಿಕೋರನ ಹಿಡಿತದಲ್ಲಿರುವ ಯಂತ್ರಗಳ ಜಾಲದಲ್ಲಿ, ಇದ್ದದ್ದು ಸುಮಾರು 20,000 ಯಂತ್ರಗಳು. ಲಕ್ಷಗಟ್ಟಲೆ ಯಂತ್ರಗಳ ಬಾಟ್‌ನೆಟ್‌ಗಳು ಇರುವ ಕಾಲದಲ್ಲಿ ಇದು ಪುಟ್ಟದು. ಹಾಗಾದರೆ ಈ ಬಲ ಎಲ್ಲಿಂದ ಬಂತು?

ಎಚ್‌ಟಿಟಿಪಿ/2ರಿಂದ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳ ಹೆಸರು ಎಚ್‌ಟಿಟಿಪಿ. ಅದರ ಎರಡನೆಯ ದೊಡ್ಡ ಆವೃತ್ತಿ 2015ರ ಮೇ ತಿಂಗಳಲ್ಲಿ ಅಧಿಕೃತವಾಯಿತು. ಹಳೆಯದರಲ್ಲಿ ಒಂದು ಸಂಪರ್ಕದಲ್ಲಿ ಒಂದು ಸಲಕ್ಕೆ ಒಂದೇ ವಿನಂತಿ. ಉತ್ತರ ಬಂದ ಮೇಲೆ ಮುಂದಿನದು. ಒಂದು ಪುಟದಲ್ಲಿ ನೂರು ಚಿತ್ರ ಇದ್ದರೆ ಕಾಯುವುದೇ ಕೆಲಸ. ಬ್ರೌಸರ್‌ಗಳು ಒಂದೇ ಸೈಟಿಗೆ ಆರು ಸಂಪರ್ಕ ತೆರೆದು ಹೇಗೋ ನಿಭಾಯಿಸುತ್ತಿದ್ದವು. ಎಚ್‌ಟಿಟಿಪಿ/2 ಒಂದೇ ಸಂಪರ್ಕದೊಳಗೆ ನೂರು ಮಾತುಕತೆ ಒಟ್ಟಿಗೆ ನಡೆಯಲು ಬಿಟ್ಟಿತು. ಒಂದೊಂದು ಮಾತುಕತೆಗೆ ಸ್ಟ್ರೀಮ್ ಅಂತ ಹೆಸರು, ಒಂದೊಂದಕ್ಕೂ ಸಂಖ್ಯೆ. ಕ್ಲೈಂಟ್, ಅಂದರೆ ಬ್ರೌಸರ್‌ನಂತೆ ಕೇಳುವ ಕಡೆಯದು, ತೆರೆಯುವ ಸ್ಟ್ರೀಮ್‌ಗಳಿಗೆ 1, 3, 5 ಹೀಗೆ ಬೆಸ ಸಂಖ್ಯೆ.

ಒಟ್ಟಿಗೆ ಎಷ್ಟು ಸ್ಟ್ರೀಮ್ ತೆರೆದಿರಬಹುದು ಎಂದು ಸರ್ವರ್ ಹೇಳಬಹುದು. ಸಾಮಾನ್ಯವಾಗಿ 100 ಅಥವಾ ಅದರ ಆಸುಪಾಸು. ಇದೇ ಕಾವಲು ಎಂದು ಎಲ್ಲರೂ ನಂಬಿಕೊಂಡಿದ್ದರು.

ಜೊತೆಗೆ ಇನ್ನೊಂದು ಅನುಕೂಲ ಇತ್ತು, ರದ್ದು ಮಾಡುವುದು. ನೀವು ಮೊಬೈಲ್‌ನಲ್ಲಿ ಸೀರೆಗಳ ಪಟ್ಟಿ ನೋಡುತ್ತಾ ಬೆರಳಲ್ಲಿ ಸರ್ರನೆ ಕೆಳಗೆ ಎಳೆಯುತ್ತೀರಿ. ಮೇಲೆ ಹೋದ ಚಿತ್ರಗಳು ಇನ್ನೂ ಬಂದಿಲ್ಲ, ಈಗ ಅವು ಬೇಕಾಗಿಯೂ ಇಲ್ಲ. ಹಳೆಯ ಎಚ್‌ಟಿಟಿಪಿಯಲ್ಲಿ ‘ಬೇಡ’ ಅನ್ನಬೇಕಾದರೆ ಸಂಪರ್ಕವನ್ನೇ ಕಡಿಯಬೇಕಿತ್ತು. ಎಚ್‌ಟಿಟಿಪಿ/2ರಲ್ಲಿ ಆ ಒಂದು ಸ್ಟ್ರೀಮ್‌ಗೆ ಮಾತ್ರ ‘ರೀಸೆಟ್’ ಎಂಬ ಪುಟ್ಟ ಸಂದೇಶ ಕಳಿಸಿದರೆ ಸಾಕು. ಸರ್ವರ್ ಒಪ್ಪಬೇಕಾಗಿಲ್ಲ, ಕ್ಲೈಂಟ್ ಹೇಳಿದ ಕೂಡಲೇ ಮುಗಿಯಿತು. ಆ ಸಂದೇಶದ ಗಾತ್ರ 13 ಬೈಟ್. 9 ಬೈಟ್ ತಲೆಬರಹ, 4 ಬೈಟ್ ಕಾರಣದ ಸಂಖ್ಯೆ.

ದೋಷ ಎಲ್ಲಿದೆ ಎಂದು ತಿಳಿಯಲು ದರ್ಶಿನಿಗೆ ಹೋಗೋಣ. ಬೆಳಗಿನ ಎಂಟು ಗಂಟೆ, ಕಾಲಿಡಲು ಜಾಗ ಇಲ್ಲ. ಒಂದು ನಿಯಮ ಇದೆ ಅಂದುಕೊಳ್ಳಿ: ಒಬ್ಬರ ಹೆಸರಿನಲ್ಲಿ ಒಂದು ಸಲಕ್ಕೆ ಒಂದೇ ದೋಸೆ ಬಾಕಿ ಇರಬಹುದು. ಒಬ್ಬ ಬಂದು ಮಸಾಲೆ ದೋಸೆ ಅನ್ನುತ್ತಾನೆ. ಕೌಂಟರಿನವನು ಕೂಗುತ್ತಾನೆ, ಕಾವಲಿಯ ಮೇಲೆ ಹಿಟ್ಟು ಬೀಳುತ್ತದೆ. ಬಿದ್ದ ಕ್ಷಣವೇ ಆಸಾಮಿ ‘ಬೇಡ ಬಿಡಿ’ ಅನ್ನುತ್ತಾನೆ. ಕೌಂಟರಿನವನು ಅವನ ಹೆಸರಿನ ಮುಂದೆ ಸೊನ್ನೆ ಹಾಕುತ್ತಾನೆ. ತಕ್ಷಣ ಆಸಾಮಿ ‘ಇನ್ನೊಂದು ಮಸಾಲೆ’ ಅನ್ನುತ್ತಾನೆ. ನಿಯಮದ ಪ್ರಕಾರ ತಪ್ಪೇನಿಲ್ಲ, ಬಾಕಿ ಸೊನ್ನೆ ಇದೆಯಲ್ಲ. ಮತ್ತೆ ಹಿಟ್ಟು, ಮತ್ತೆ ‘ಬೇಡ’. ಹತ್ತು ನಿಮಿಷದಲ್ಲಿ ಕಾವಲಿ ತುಂಬಾ ಯಾರೂ ತಿನ್ನದ ದೋಸೆ. ಹಿಂದೆ ಕೂಪನ್ ಹಿಡಿದು ನಿಂತವರಿಗೆ ಏನೂ ಇಲ್ಲ. ಎಣಿಕೆ ನಡೆದದ್ದು ಕೌಂಟರಿನಲ್ಲಿ, ಕೆಲಸ ನಡೆದದ್ದು ಕಾವಲಿಯಲ್ಲಿ. ಇಬ್ಬರೂ ಮಾತಾಡಿಕೊಳ್ಳಲಿಲ್ಲ. ದರ್ಶಿನಿಯಲ್ಲಾದರೆ ಮೊದಲು ದುಡ್ಡು ಕೊಟ್ಟು ಕೂಪನ್ ತಗೋಬೇಕು, ಹಾಗಾಗಿ ಇದು ನಡೆಯುವುದಿಲ್ಲ. ಇಂಟರ್ನೆಟ್ಟಿನಲ್ಲಿ ಕೇಳುವುದು ಪುಕ್ಕಟೆ.

ಸರ್ವರ್‌ನಲ್ಲಿ ಆದದ್ದೂ ಇದೇ. ವಿನಂತಿ ಬಂತು. ಸರ್ವರ್ ಸ್ಟ್ರೀಮ್‌ಗೆ ಜಾಗ ಕೊಟ್ಟಿತು. ಕುಗ್ಗಿಸಿ ಕಳಿಸಿದ್ದ ಹೆಡರ್‌ಗಳನ್ನು, ಅಂದರೆ ವಿನಂತಿಯ ವಿವರಗಳನ್ನು, ಬಿಡಿಸಿತು. ಯಾವ ಪುಟ ಎಂದು ನೋಡಿ ಬೆನ್ನಹಿಂದೆ ಇರುವ ಇನ್ನೊಂದು ಸರ್ವರ್‌ಗೆ ದಾಟಿಸಿತು. ಅದು ಡೇಟಾಬೇಸ್ ಕೇಳಲು ಶುರು ಮಾಡಿತು. ಅಷ್ಟರಲ್ಲಿ ರೀಸೆಟ್ ಬಂತು. ಮುಂದೆ ನಿಂತ ಸರ್ವರ್ ‘ಸ್ಟ್ರೀಮ್ ಮುಗಿಯಿತು’ ಎಂದು ಲೆಕ್ಕದಿಂದ ತೆಗೆದುಹಾಕಿತು. ಹಿಂದೆ ಶುರುವಾದ ಕೆಲಸ ಮಾತ್ರ ನಡೆಯುತ್ತಲೇ ಇತ್ತು. ದಾಳಿಕೋರ 100ರ ಮಿತಿಯನ್ನು ಒಮ್ಮೆಯೂ ಮುರಿಯಲಿಲ್ಲ. ಸಂಖ್ಯೆಗಳೂ ಬೇಗ ಖಾಲಿಯಾಗುವುದಿಲ್ಲ, ಒಂದೇ ಸಂಪರ್ಕದಲ್ಲಿ ಸುಮಾರು 107 ಕೋಟಿ ಸ್ಟ್ರೀಮ್‌ಗೆ ಆಗುವಷ್ಟು ಬೆಸ ಸಂಖ್ಯೆಗಳಿವೆ.

ಇದರಲ್ಲಿ ನನಗೆ ತುಂಬಾ ಜಾಣತನ ಅನಿಸಿದ್ದು ದೂರದ ವಿಷಯ. ಬೆಂಗಳೂರಿನ ಒಂದು ಯಂತ್ರದಿಂದ ಅಮೆರಿಕದ ಸರ್ವರ್‌ಗೆ ಸಂದೇಶ ಹೋಗಿ ಬರಲು 200 ಮಿಲಿಸೆಕೆಂಡ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸೆಕೆಂಡಿಗೆ ಐದು ಸಲ ಹೋಗಿಬರಬಹುದು. ಹಳೆಯ ಎಚ್‌ಟಿಟಿಪಿಯಲ್ಲಿ ಒಂದು ಸಂಪರ್ಕಕ್ಕೆ ಸೆಕೆಂಡಿಗೆ ಐದೇ ವಿನಂತಿ. ಎಚ್‌ಟಿಟಿಪಿ/2ರಲ್ಲಿ ಸರಿಯಾಗಿ ನಡೆದುಕೊಂಡರೆ ನೂರರ ಗುಂಪಿನಲ್ಲಿ 500. ಎರಡರಲ್ಲೂ ಉತ್ತರಕ್ಕೆ ಕಾಯಬೇಕು. ಕಾಯುವುದೇ ಒಂದು ನೈಸರ್ಗಿಕ ಬ್ರೇಕ್. ಕೇಳಿ ಕೂಡಲೇ ರದ್ದು ಮಾಡುವವನು ಯಾವುದಕ್ಕೂ ಕಾಯುವುದಿಲ್ಲ. ಒಂದೇ ಪ್ಯಾಕೆಟ್‌ನಲ್ಲಿ ಹತ್ತಾರು ವಿನಂತಿ-ರೀಸೆಟ್ ಜೋಡಿಗಳನ್ನು ತುಂಬಿ ಕಳಿಸುತ್ತಲೇ ಇರಬಹುದು. ಅವನಿಗಿರುವ ಮಿತಿ ಅವನ ಬ್ಯಾಂಡ್‌ವಿಡ್ತ್ ಮಾತ್ರ. ರದ್ದಾದ ವಿನಂತಿಗೆ ಉತ್ತರವೂ ಬರುವುದಿಲ್ಲವಾದ್ದರಿಂದ ವಾಪಸ್ ಬರುವ ದಾರಿಯಲ್ಲಿ ಅವನಿಗೆ ಹೊರೆಯೂ ಇಲ್ಲ.

ಈ ತಂತ್ರಕ್ಕೆ ‘ರ‍್ಯಾಪಿಡ್ ರೀಸೆಟ್’ ಎಂದು ಹೆಸರಿಟ್ಟರು. ದೋಷದ ಸಂಖ್ಯೆ ಸಿವಿಇ-2023-44487. ಸಿವಿಇ ಅಂದರೆ ಬಯಲಾದ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ. ಸಾಮಾನ್ಯವಾಗಿ ಒಂದು ಸಿವಿಇ ಅಂದರೆ ಒಂದು ಸಾಫ್ಟ್‌ವೇರ್‌ನ ತಪ್ಪು. ಇಲ್ಲಿ ನಿಯಮದ ಪುಸ್ತಕವೇ ಈ ಕಂಡಿಯನ್ನು ಬಿಟ್ಟಿತ್ತು. ನಿಯಮ ಓದಿ ನಿಷ್ಠೆಯಿಂದ ಸರ್ವರ್ ಬರೆದವರೆಲ್ಲರೂ ಸಿಕ್ಕಿಬಿದ್ದರು. ಟಾಮ್‌ಕ್ಯಾಟ್, ಜೆಟ್ಟಿ, ನೆಟ್ಟಿ, ಗೋ ಭಾಷೆಯ ಸರ್ವರ್, ನೋಡ್, ಎಂಜಿನ್‌ಎಕ್ಸ್, ಜಿಆರ್‌ಪಿಸಿ ಹೀಗೆ ಎಚ್‌ಟಿಟಿಪಿ/2 ಮಾತಾಡುವ ಸಾಫ್ಟ್‌ವೇರ್ ಬರೆದವರೆಲ್ಲರೂ ಏನಾದರೊಂದು ಬದಲಾವಣೆ ಮಾಡಬೇಕಾಯಿತು. ಎಂಜಿನ್‌ಎಕ್ಸ್‌ನವರಿಗೆ ಸ್ವಲ್ಪ ಅದೃಷ್ಟ. ಒಂದು ಸಂಪರ್ಕದಲ್ಲಿ 1,000 ವಿನಂತಿ ಆದಮೇಲೆ ಮುಚ್ಚಿಬಿಡುವುದು ಅವರಲ್ಲಿ ಆಗಲೇ ಡೀಫಾಲ್ಟ್ ಆಗಿತ್ತು. ಯಾರೋ ವೇಗಕ್ಕಾಗಿ ಆ ಸಂಖ್ಯೆಯನ್ನು ಲಕ್ಷಕ್ಕೆ ಏರಿಸಿದ್ದರೆ ಮಾತ್ರ ಹೊಡೆತ ಜೋರು. ಇಂಥ ಸೆಟ್ಟಿಂಗ್‌ಗಳನ್ನು ಎಲ್ಲಿಂದಲೋ ನಕಲು ಹೊಡೆದು ಹಾಕುವ ಚಾಳಿ ನಮ್ಮಲ್ಲಿ ಇದೆ ಅಲ್ವಾ, ಅದಕ್ಕೇ ಹೇಳಿದೆ.

ಗೋ ಭಾಷೆಯವರು ಕೊಟ್ಟ ಪರಿಹಾರ ನನಗೆ ಇಷ್ಟ. ಅವರು ತೆರೆದಿರುವ ಸ್ಟ್ರೀಮ್‌ಗಳ ಬದಲು ಒಳಗೆ ನಿಜವಾಗಿ ಓಡುತ್ತಿರುವ ಕೆಲಸಗಳನ್ನು ಎಣಿಸಲು ಶುರು ಮಾಡಿದರು. ಸ್ಟ್ರೀಮ್ ರದ್ದಾದರೂ ಅದರ ಕೆಲಸ ಮುಗಿಯುವವರೆಗೆ ಲೆಕ್ಕದಲ್ಲಿ ಇರುತ್ತದೆ. ಮಿತಿ ಮುಟ್ಟಿದರೆ ಹೊಸ ವಿನಂತಿ ಸಾಲಿನಲ್ಲಿ ಕಾಯಬೇಕು. ಸಾಲು ವಿಪರೀತ ಬೆಳೆದರೆ ಇಡೀ ಸಂಪರ್ಕವನ್ನೇ ಕಡಿಯುತ್ತಾರೆ. ಬೇರೆಯವರು ಹೆಚ್ಚಿನಂಶ ಇನ್ನೊಂದು ದಾರಿ ಹಿಡಿದರು. ಒಬ್ಬ ಕ್ಲೈಂಟ್ ಎಷ್ಟು ರೀಸೆಟ್ ಕಳಿಸಿದ ಎಂದು ಎಣಿಸುವುದು, ಅತಿಯಾದರೆ ಸಂಪರ್ಕ ಮುಚ್ಚುವುದು. ಎರಡೂ ಕೆಲಸ ಮಾಡಿದವು. ಆದರೆ ಎರಡೂ ಒಂದೇ ಅಲ್ಲ. ಆ ವ್ಯತ್ಯಾಸ ಆಮೇಲೆ ದುಬಾರಿಯಾಯಿತು.

‘ಇಡೀ ಸಂಪರ್ಕವನ್ನೇ ಯಾಕೆ ಕಡಿಯಬೇಕು? ಒಂದೊಂದು ವಿನಂತಿಗೂ ಆಗಲ್ಲ ಅಂತ ಉತ್ತರ ಕೊಟ್ಟರೆ ಸಾಲದಾ?’ ಎಂದು ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಆಗಲ್ಲ ಅನ್ನುವುದೂ ಒಂದು ಉತ್ತರವೇ. ಅದಕ್ಕೂ ವಿನಂತಿಯನ್ನು ಬಿಡಿಸಬೇಕು, ಉತ್ತರ ಬರೆಯಬೇಕು. ಸೆಕೆಂಡಿಗೆ ಲಕ್ಷ ಸಲ ಹಾಗೆ ಹೇಳುತ್ತಾ ಕೂತರೆ ದಾಳಿಕೋರ ಗೆದ್ದ ಹಾಗೇ. ಸಂಪರ್ಕ ಕಡಿದರೆ ಅವನು ಮತ್ತೆ ಮೊದಲಿಂದ ಕೈಕುಲುಕಿ, ಗೂಢಲಿಪಿಯ ಒಪ್ಪಂದ ಮುಗಿಸಿ ಬರಬೇಕು. ಖರ್ಚು ಅವನ ಕಡೆಗೂ ವಾಲುತ್ತದೆ.

ಇದು ಗೂಗಲ್, ಅಮೆಜಾನ್‌ಗಳ ತಲೆನೋವು, ನಮ್ಮ ಬೆಳ್ಳಂದೂರಿನ ಮೂವತ್ತು ಜನರ ಕಂಪನಿಗೆ ಏನು ಸಂಬಂಧ ಎಂದು ಕೇಳಬಹುದು. ಮೀಟಿಂಗಿನಲ್ಲಿ ಮ್ಯಾನೇಜರ್ ಕೇಳುವುದೂ ಇದನ್ನೇ: ‘ನಾವು ಸಿಡಿಎನ್ ಹಿಂದೆ ಇದೀವಲ್ರೀ, ಅವರು ತಡ್ಕೋತಾರೆ ಬಿಡಿ.’ ಅರ್ಧ ನಿಜ. ಸಿಡಿಎನ್ ಅಂದರೆ ಮುಂದೆ ನಿಂತು ವಿನಂತಿಗಳನ್ನು ಸ್ವೀಕರಿಸುವ ಜಾಲ. ಅದರ ಮೂಲಕ ಬರುವ ದಾಳಿಯನ್ನು ಅದು ತಡೆಯುತ್ತದೆ. ಆದರೆ ನಿಮ್ಮ ಅಸಲಿ ಸರ್ವರ್‌ನ ಐಪಿ ವಿಳಾಸ ಹೊರಗೆ ಗೊತ್ತಿದ್ದರೆ? ಸೈಟಿನ ಹೆಸರಿಗೆ ವಿಳಾಸ ಹೇಳುವ ಹಳೆಯ ಡಿಎನ್‌ಎಸ್ ದಾಖಲೆಯಲ್ಲೋ, ಟೆಸ್ಟಿಂಗ್‌ಗೆಂದು ತೆರೆದು ಮರೆತುಬಿಟ್ಟ ಒಂದು ಸಬ್‌ಡೊಮೇನ್‌ನಲ್ಲೋ ಅದು ಸಿಕ್ಕೇ ಸಿಗುತ್ತದೆ. ದಾಳಿಕೋರ ಮುಂಬಾಗಿಲನ್ನು ಬಿಟ್ಟು ನೇರ ಹಿತ್ತಲಿಗೆ ಬರುತ್ತಾನೆ. ಸಿಡಿಎನ್‌ನ ವಿಳಾಸಗಳಿಂದ ಬಿಟ್ಟು ಬೇರೆ ಯಾರಿಂದಲೂ ಸಂಪರ್ಕ ಒಪ್ಪಬಾರದು ಎಂದು ಫೈರ್‌ವಾಲ್‌ನಲ್ಲಿ ಬರೆಯುವುದು ಹತ್ತು ನಿಮಿಷದ ಕೆಲಸ. ಅದನ್ನು ಮಾಡದೇ ಇರುವವರೇ ಜಾಸ್ತಿ ಅನ್ನುವುದು ನನ್ನ ಅನುಮಾನ.

ಎರಡನೆಯ ಸಮಸ್ಯೆ, ಎಚ್‌ಟಿಟಿಪಿ/2 ನಿಮ್ಮಲ್ಲಿ ಎಲ್ಲೆಲ್ಲಿ ಓಡುತ್ತಿದೆ ಎಂದು ನಿಮಗೇ ಗೊತ್ತಿರುವುದಿಲ್ಲ. ಮುಂದೆ ನಿಂತ ಲೋಡ್ ಬ್ಯಾಲೆನ್ಸರ್ ಎಲ್ಲರಿಗೂ ನೆನಪಾಗುತ್ತದೆ. ಒಳಗಿನ ಸಣ್ಣ ಸಣ್ಣ ಸೇವೆಗಳು ಜಿಆರ್‌ಪಿಸಿಯಲ್ಲಿ ಮಾತಾಡಿಕೊಳ್ಳುತ್ತಿದ್ದರೆ ಅದೂ ಎಚ್‌ಟಿಟಿಪಿ/2ರ ಮೇಲೆಯೇ ಓಡುವುದು. ಬೇರೆಯವರು ಬರೆದದ್ದನ್ನು ನಾವು ಸೇರಿಸಿಕೊಂಡ ಕೋಡ್, ಅಂದರೆ ಲೈಬ್ರರಿಗಳು, ಇನ್ನೂ ಆಳದಲ್ಲಿ ಅಡಗಿರುತ್ತವೆ. ಜಾವಾದಲ್ಲಿ ಸೇವೆ ಬರೆಯಲು ಸ್ಪ್ರಿಂಗ್ ಬೂಟ್ ಬಳಸಿದರೆ ಸಾಮಾನ್ಯವಾಗಿ ಟಾಮ್‌ಕ್ಯಾಟ್ ನಿಮ್ಮ ಜಾರ್ ಫೈಲಿನೊಳಗೇ, ಅಂದರೆ ಪ್ರೋಗ್ರಾಮ್ ಕಟ್ಟಿಟ್ಟ ಗಂಟಿನೊಳಗೇ, ಕೂತಿರುತ್ತದೆ. ಗೋದಲ್ಲಿ ಬರೆದ ಪ್ರೋಗ್ರಾಮ್ ಆದರೆ ಎಚ್‌ಟಿಟಿಪಿ/2ರ ಕೋಡ್ ಬೈನರಿಯೊಳಗೆ, ಅಂದರೆ ಓಡಲು ಸಿದ್ಧವಾದ ಫೈಲಿನೊಳಗೆ, ಬೆರೆತುಹೋಗಿರುತ್ತದೆ. ಆಪರೇಟಿಂಗ್ ಸಿಸ್ಟಮ್ ಎಷ್ಟೇ ಅಪ್‌ಡೇಟ್ ಮಾಡಿ, ಅದು ಬದಲಾಗುವುದಿಲ್ಲ. ಗೋ 1.21.3 ಅಥವಾ 1.20.10ರಲ್ಲಿ ಮತ್ತೆ ಬಿಲ್ಡ್ ಮಾಡಿ ಹಾಕಬೇಕಿತ್ತು. ‘ಪ್ಯಾಚ್ ಆಯ್ತು’ ಎಂದು ಶೀಟಿನಲ್ಲಿ ಹಸಿರು ಬಣ್ಣ ಹಚ್ಚಿದ ಮೇಲೂ ಹಳೆಯ ಬೈನರಿ ಓಡುತ್ತಿರಬಹುದು.

ಆಟೋಸ್ಕೇಲಿಂಗ್ ಇದೆಯಲ್ಲ ಎಂದು ಧೈರ್ಯವಾಗಿರುವವರಿಗೆ ಒಂದು ಮಾತು. ಹೊರೆ ಹೆಚ್ಚಾದಾಗ ಕ್ಲೌಡ್ ತಾನಾಗಿಯೇ ಹೊಸ ಸರ್ವರ್‌ಗಳನ್ನು ಏಳಿಸುತ್ತದೆ, ನಿಜ. ಹತ್ತು ಇದ್ದದ್ದು ನಲವತ್ತು ಆಗುತ್ತದೆ. ನಲವತ್ತೂ ಯಾರಿಗೂ ಬೇಡದ ಕೆಲಸ ಮಾಡುತ್ತವೆ. ತಿಂಗಳ ಕೊನೆಗೆ ಬಿಲ್ ಮಾತ್ರ ನಿಮಗೇ ಬರುತ್ತದೆ, ಡಾಲರ್‌ನಲ್ಲಿ ಯೋಚಿಸುವ ಹೂಡಿಕೆದಾರರಿಗೆ ವಿವರಿಸಬೇಕಾದವರೂ ನೀವೇ. ಎಷ್ಟರವರೆಗೆ ಬೆಳೆಯಬಹುದು ಎಂಬುದಕ್ಕೆ ಒಂದು ಮೇಲ್ಮಿತಿ ಇರಲೇಬೇಕು.

ದಾಳಿ ನಡೆಯುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ? ಎಂಜಿನ್‌ಎಕ್ಸ್ ಇದ್ದರೆ ಲಾಗ್‌ನಲ್ಲಿ, ಅಂದರೆ ಸರ್ವರ್ ಬರೆದಿಡುವ ದಿನಚರಿಯಲ್ಲಿ, 499 ಎಂಬ ಸಂಖ್ಯೆಯನ್ನು ನೋಡಿ. ನಾವು ಉತ್ತರ ಕೊಡುವ ಮುಂಚೆಯೇ ಕ್ಲೈಂಟ್ ಹೊರಟುಹೋಯಿತು ಎಂದು ಅದರ ಅರ್ಥ. ಮೊಬೈಲ್ ನೆಟ್‌ವರ್ಕ್ ಹೋಗಿಬರುವ ನಮ್ಮ ಊರಲ್ಲಿ ದಿನವೂ ಒಂದಿಷ್ಟು 499 ಇದ್ದೇ ಇರುತ್ತವೆ. ಮೆಟ್ರೋ ಸುರಂಗಕ್ಕೆ ಇಳಿದರೆ ಸಾಕು, ಬರುತ್ತವೆ. ಆದರೆ ಕೆಲವೇ ವಿಳಾಸಗಳಿಂದ, ಒಂದೇ ಪುಟಕ್ಕೆ, ಸೆಕೆಂಡಿಗೆ ಸಾವಿರಗಟ್ಟಲೆ ಬಂದರೆ ಅದು ಮೆಟ್ರೋ ಅಲ್ಲ. ಅದೇ ಹೊತ್ತಿಗೆ ಹೊರಹೋಗುವ ಡೇಟಾ ಕಮ್ಮಿ ಇದ್ದು ಸಿಪಿಯು ಮಾತ್ರ ಹತ್ತುತ್ತಿದ್ದರೆ ಅನುಮಾನ ಗಟ್ಟಿ. ಕ್ಲೌಡ್‌ಫ್ಲೇರ್‌ನಲ್ಲಿ ನಿಜವಾದ ಗ್ರಾಹಕರಿಗೆ ಕಂಡದ್ದು 502 ದೋಷ. ಮುಂದೆ ನಿಂತ ಪ್ರಾಕ್ಸಿಯಿಂದ, ಅಂದರೆ ನಡುವೆ ನಿಂತು ವಿನಂತಿ ದಾಟಿಸುವ ಸರ್ವರ್‌ನಿಂದ, ಅದರ ಬೆನ್ನಹಿಂದಿನದಕ್ಕೆ ಕೆಲಸ ದಾಟಿಸುವ ಕಡೆ ದಟ್ಟಣೆಯಾಗಿತ್ತು.

ಈ ದೋಷಕ್ಕೆ ಸಿಕ್ಕ ತೀವ್ರತೆಯ ಅಂಕ 10ಕ್ಕೆ 7.5. ಇಷ್ಟೆಲ್ಲ ಗಲಾಟೆ ಮಾಡಿದ್ದಕ್ಕೆ ಬರೀ 7.5 ಯಾಕೆ? ಅಂಕ ಹಾಕುವ ಪದ್ಧತಿ ಮೂರು ಪ್ರಶ್ನೆ ಕೇಳುತ್ತದೆ. ಗುಟ್ಟು ಹೊರಬಿತ್ತಾ? ಡೇಟಾ ತಿದ್ದಲಾಯಿತಾ? ಸೇವೆ ನಿಂತಿತಾ? ಡಾಸ್ ದೋಷದಲ್ಲಿ ಮೊದಲ ಎರಡಕ್ಕೆ ಉತ್ತರ ‘ಇಲ್ಲ’, ಮೂರನೆಯದಕ್ಕೆ ಮಾತ್ರ ‘ಹೌದು’. ನೆಟ್‌ವರ್ಕ್‌ನಿಂದ, ಲಾಗಿನ್ ಇಲ್ಲದೆ, ಯಾರ ಸಹಾಯವೂ ಇಲ್ಲದೆ ಸೇವೆ ಪೂರ್ತಿ ನಿಲ್ಲಿಸಬಹುದಾದ ದೋಷಕ್ಕೆ ಲೆಕ್ಕ ಬಂದು ನಿಲ್ಲುವುದೇ 7.5ಕ್ಕೆ. ಹಾಗಾಗಿ ಎಷ್ಟೋ ಡಾಸ್ ದೋಷಗಳಿಗೆ ಇದೇ ಅಂಕ. ಬಹಳ ಕಂಪನಿಗಳಲ್ಲಿ ‘9ಕ್ಕಿಂತ ಮೇಲಿನದು ಈ ವಾರ, ಉಳಿದದ್ದು ಮುಂದಿನ ತಿಂಗಳು’ ಎಂಬ ಲೆಕ್ಕ ಇರುತ್ತದೆ. ಇದು ಸರಿಯಿಲ್ಲ ಎಂದು ನನ್ನ ಅಭಿಪ್ರಾಯ. ಪಾವತಿ ಮಾಡಿಸುವ, ಆಂಬುಲೆನ್ಸ್ ಕರೆಸುವ, ಟಿಕೆಟ್ ಮಾರುವ ಸೇವೆಗೆ ನಿಲ್ಲುವುದೇ ದೊಡ್ಡ ಅನಾಹುತ. ಹಾಗೆಂದು ಪ್ರತಿ ಡಾಸ್ ದೋಷಕ್ಕೂ ರಾತ್ರಿ ಎದ್ದು ಕೂರಬೇಕಾಗಿಲ್ಲ. ಹೊರಗಿನವರು ಲಾಗಿನ್ ಇಲ್ಲದೆ ಅಲ್ಲಿಗೆ ತಲುಪಬಹುದಾ, ಒಂದೇ ಲ್ಯಾಪ್‌ಟಾಪ್‌ನಿಂದ ಆಗುತ್ತಾ, ದಾಳಿ ನಿಂತ ಮೇಲೆ ಸರ್ವರ್ ತಾನೇ ಏಳುತ್ತದಾ ಅಥವಾ ಯಾರಾದರೂ ಎಬ್ಬಿಸಬೇಕಾ, ಇಷ್ಟು ಕೇಳಿದರೆ ಅಂಕಕ್ಕಿಂತ ಚೆನ್ನಾಗಿ ಅಂದಾಜು ಸಿಗುತ್ತದೆ. ಯಾರಾದರೂ ಈಗಾಗಲೇ ಇದನ್ನು ಬಳಸಿ ದಾಳಿ ಮಾಡುತ್ತಿದ್ದಾರಾ ಎಂಬುದು ಎಲ್ಲಕ್ಕಿಂತ ಮುಖ್ಯ. ರ‍್ಯಾಪಿಡ್ ರೀಸೆಟ್ ಬಹಿರಂಗವಾದಾಗ ಆ ಪ್ರಶ್ನೆಗೆ ಆಗಲೇ ಉತ್ತರ ಇತ್ತು.

ಕಾನೂನಿನ ಕಡೆಯೂ ಒಂದೆರಡು ಮಾತು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಡಾಸ್, ಡಿಡಾಸ್ ದಾಳಿಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಏಳು ದಿನಕ್ಕೇ ಲಾಗ್ ಅಳಿಸುವ ಸೆಟ್ಟಿಂಗ್ ಇದ್ದರೆ ಈಗಲೇ ನೋಡಿಕೊಳ್ಳಿ. ಇನ್ನು, ಈ ತಂತ್ರ ಓದಿ ‘ಯಾರದ್ದಾದರೂ ಸೈಟ್ ಮೇಲೆ ಒಂದು ಕೈ ನೋಡೋಣ’ ಅನಿಸಿದರೆ ಬೇಡ. ಅಧಿಕಾರ ಇರುವವರಿಗೆ ಕಂಪ್ಯೂಟರ್ ಸೇವೆ ಸಿಗದಂತೆ ಮಾಡುವುದು ಐಟಿ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ ಬರುತ್ತದೆ. ಅಪ್ರಾಮಾಣಿಕತೆಯಿಂದ ಅಥವಾ ವಂಚನೆಯಿಂದ ಮಾಡಿದ್ದು ಸಾಬೀತಾದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಪ್ರಯೋಗ ಮಾಡಲೇಬೇಕಾದರೆ ಪರೀಕ್ಷೆಗೆಂದೇ ಇಟ್ಟ ನಿಮ್ಮದೇ ಸ್ಟೇಜಿಂಗ್ ಸರ್ವರ್ ಇದೆ. ಅದು ಕ್ಲೌಡ್‌ನಲ್ಲಿದ್ದರೆ ಕ್ಲೌಡ್ ಕಂಪನಿಯ ನಿಯಮ ಓದಿ, ಹೇಳಿ, ಮಾಡಿ.

ಆಗಲೇ ಎರಡು ಪರಿಹಾರಗಳ ವ್ಯತ್ಯಾಸ ದುಬಾರಿಯಾಯಿತು ಅಂದೆನಲ್ಲ, ಅದು 2025ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಟೆಲ್ ಅವಿವ್ ವಿಶ್ವವಿದ್ಯಾಲಯದ ಸಂಶೋಧಕರು ‘ಮೇಡ್ ಯು ರೀಸೆಟ್’ ಎಂಬ ಹೊಸ ತಂತ್ರ ತೋರಿಸಿದರು. ಸಂಖ್ಯೆ ಸಿವಿಇ-2025-8671. ಇಲ್ಲಿ ಕ್ಲೈಂಟ್ ರೀಸೆಟ್ ಕಳಿಸುವುದೇ ಇಲ್ಲ. ಸರಿಯಾದ ಒಂದು ವಿನಂತಿ ಕಳಿಸುತ್ತದೆ. ಅದರ ಬೆನ್ನಿಗೇ ಬೇಕೆಂದೇ ನಿಯಮ ತಪ್ಪಿದ ಒಂದು ಪುಟ್ಟ ಸಂದೇಶ ಕಳಿಸುತ್ತದೆ. ನಿಯಮ ತಪ್ಪಿದ್ದಕ್ಕೆ ಸರ್ವರ್ ತಾನೇ ಆ ಸ್ಟ್ರೀಮ್ ಅನ್ನು ರದ್ದು ಮಾಡುತ್ತದೆ. ಹಿಂದೆ ಶುರುವಾದ ಕೆಲಸ ಎಂದಿನಂತೆ ನಡೆಯುತ್ತಲೇ ಇರುತ್ತದೆ. ಕ್ಲೈಂಟ್ ಎಷ್ಟು ರೀಸೆಟ್ ಕಳಿಸಿತು ಎಂದು ಎಣಿಸುತ್ತಾ ಕೂತ ಸರ್ವರ್‌ಗೆ ಸಿಗುವ ಲೆಕ್ಕ ಸೊನ್ನೆ. ಸರ್ವರ್ ಕೈಯಲ್ಲೇ ರೀಸೆಟ್ ಮಾಡಿಸುವ ಇನ್ನೊಂದು ದಾಳಿ 2019ರಲ್ಲೇ ಬಯಲಾಗಿತ್ತು, ಸಿವಿಇ-2019-9514 ಎಂಬ ಹೆಸರಿನಲ್ಲಿ. ಯಾರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ ಅನಿಸುತ್ತದೆ.

2023ರಲ್ಲಿ ಟಾಮ್‌ಕ್ಯಾಟ್ ಅನ್ನು 9.0.81ಕ್ಕೋ 10.1.14ಕ್ಕೋ ಏರಿಸಿ ಫೈಲ್ ಮುಚ್ಚಿದವರು ಈಗ ಅದನ್ನು ಮತ್ತೆ ತೆರೆಯಬೇಕು. ಈ ಹೊಸದಕ್ಕೆ ಪರಿಹಾರ ಬಂದದ್ದು 9.0.108, 10.1.44 ಮತ್ತು 11.0.10ರಲ್ಲಿ. ಸ್ಪ್ರಿಂಗ್ ಬೂಟ್ ಬಳಸುವವರು ಜಾರ್ ಬಿಚ್ಚಿ ಒಳಗಿನ ಟಾಮ್‌ಕ್ಯಾಟ್ ಸಂಖ್ಯೆ ನೋಡಿ.